ಹಸಿರು ಟ್ರಂಕು

ಮೂಡಿಗೆರೆ
೬ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ರಾಜೀವ್,

ನಿಮ್ಮ ಕೆಮ್ಮು ಹೇಗಿದೆ? ಬೆಳಿಗ್ಗೆ ಜೀಪಿನ ಬಾಗಿಲು ಹಿಡಿದು ನಿಂತಾಗಲೂ ಕೆಮ್ಮುತ್ತಿದ್ದಿರಿ. ಕಷಾಯದ ಪುಡಿ ಫ್ರಿಜ್ ಮೇಲಿದೆ, ನೀವು ಹುಡುಕುವುದಿಲ್ಲ, ಯಾರನ್ನಾದರೂ ಕೇಳಿ. ಅತ್ತೆಯವರ ಮಂಡಿಗೆ ಎಣ್ಣೆ ಹಚ್ಚುವುದನ್ನು ಕುಸುಮಾ ಮರೆಯುವುದಿಲ್ಲ. ಓರಗಿತ್ತಿಯರಲ್ಲಿ ಅಂಥವಳು ಸಿಗುವುದು ಅಪರೂಪ.

ಇಷ್ಟು ಹೊತ್ತಿಗೆ ನಾನು ಕಡೂರು ದಾಟಿರಬೇಕಿತ್ತು. ಮೂಡಿಗೆರೆಯ ಹೋಟೆಲೊಂದರಲ್ಲಿ ಕೂತಿದ್ದೇನೆ. ಜೀಪು ಚೆನ್ನಾಗಿದೆ, ನನಗೂ ಏನೂ ಆಗಿಲ್ಲ. ನಿಂತದ್ದಕ್ಕೆ ಕಾರಣ ಬೇರೆ.

ಕೊಟ್ಟಿಗೆಹಾರದಲ್ಲಿ ನೀರಿನ ಬಾಟಲಿ ತೆಗೆಯಲು ಹಿಂದಿನ ಬಾಗಿಲು ತೆರೆದೆ. ಟಾರ್ಪಾಲಿನ ಕೆಳಗೆ ನಾನು ತವರಿಂದ ತಂದಿದ್ದ ಹಸಿರು ಟ್ರಂಕು ಇತ್ತು. ಅಟ್ಟದ ಮೇಲಿದ್ದದ್ದು ಇಲ್ಲಿಗೆ ಹೇಗೆ ಬಂತು ಎಂದು ಮುಚ್ಚಳ ಎತ್ತಿದೆ. ನನ್ನ ಡಿಗ್ರಿ ಸರ್ಟಿಫಿಕೇಟುಗಳು, ಅಮ್ಮನ ಎರಡೆಳೆ ಸರ, ಸ್ಕೂಲಿನ ಫೋಟೊ, ಉಣ್ಣೆಯ ಶಾಲು. ಅವುಗಳ ಕೆಳಗೆ ನಮ್ಮ ಮನೆಯ ಕಾಫಿಪುಡಿ, ಡಬ್ಬಿ ಡಬ್ಬಿ. ಇಪ್ಪತ್ತು ದಿನದ ಪ್ರವಾಸಕ್ಕೆ ಯಾರೂ ಆರು ತಿಂಗಳ ಕಾಫಿಪುಡಿ ಕಟ್ಟಿಕೊಡುವುದಿಲ್ಲ, ರಾಜೀವ್.

ಏನೂ ಅರ್ಥವಾಗದೆ ಕುಸುಮಾಗೆ ಫೋನ್ ಮಾಡಿದೆ. ಅವಳು ಆಗಲೇ ಅಳುತ್ತಿದ್ದಳು. "ಕೀ ತಟ್ಟೇಲಿಟ್ಟು ಕೊಟ್ಟು ಹೋದ್ರಲ್ಲ ಅಕ್ಕಾ. ನಾನದನ್ನ ಮುಟ್ಟೇ ಇಲ್ಲ, ದೇವರ ಮುಂದೆ ಇಟ್ಟಿದೀನಿ."

"ಅಯ್ಯೋ ಮಾರಾಯ್ತಿ, ಉಗ್ರಾಣದ ಕೀ ಅಲ್ವಾ, ಗೌರವವಾಗಿ ಕೊಡೋಣ ಅಂತ ಹಾಗೆ ಕೊಟ್ಟೆ" ಎಂದೆ.

"ಗೌರವಕ್ಕೆ ಯಾರಾದ್ರೂ ಮನೇನೇ ಬಿಟ್ಟುಕೊಡ್ತಾರಾ? ಅತ್ತೆ ನಿಮಗೆ ಕೊಟ್ಟ ಮೇಲೆ ಒಂದು ದಿನ ಉಗ್ರಾಣದ ಹೊಸ್ತಿಲು ದಾಟಿದ್ದು ನೋಡಿದೀರಾ?"

ನೋಡಿಲ್ಲ. ಮಾವ ತೀರಿಕೊಂಡ ವರ್ಷ ಅತ್ತೆಯವರು ವೀಳ್ಯದೆಲೆಯ ಮೇಲೆ ಕೀ ಇಟ್ಟು ತಟ್ಟೆ ನನ್ನ ಕೈಗೆ ಕೊಟ್ಟಿದ್ದರು. ಎಷ್ಟು ಚಂದದ ಪದ್ಧತಿ ಎಂದುಕೊಂಡೆನೇ ಹೊರತು, ಅದರ ಅರ್ಥವನ್ನು ಯಾರನ್ನೂ ಕೇಳಲಿಲ್ಲ. ನಿನ್ನೆ ಸಂಜೆ ಅದನ್ನೇ ಮಾಡಿದೆ, ಎಲೆ ಅಡಿಕೆ ಸಮೇತ. ನೀವು ಜಗಲಿಯಲ್ಲಿ ನಿಂತು ನೋಡಿದಿರಿ.

"ನಿಮ್ಮ ಭಾವನೂ ಹಾಗೇ ಅಂದುಕೊಂಡ್ರಾ?" ಎಂದು ಕೇಳಿದೆ. "‘ಅವಳನ್ನ ಯಾರೂ ಏನೂ ಕೇಳ್ಬೇಡಿ’ ಅಂದ್ರು ಅಕ್ಕಾ, ಟ್ರಂಕು ಅಟ್ಟದಿಂದ ತಾವೇ ಇಳಿಸಿದ್ರು, ಅಷ್ಟೇ."

ಈಗ ಒಂದೊಂದೇ ನೆನಪಾಗುತ್ತಿದೆ. ಹೊರನಾಡಿನಲ್ಲಿ ಜೀಪಿಗೆ ಪೂಜೆ ಮಾಡಿಸಿ ಊಟಕ್ಕೆ ಕೂತಾಗ ಅತ್ತೆಯವರು ತಮ್ಮ ಎಲೆಯ ಪಾಯಸವನ್ನೂ ನನಗೆ ಬಡಿಸಿ, "ಎಲ್ಲಿದ್ರೂ ಹೊತ್ತಿಗೆ ಸರಿಯಾಗಿ ಉಣ್ಣು" ಅಂದದ್ದು. "ಗಾಳಿ ನೋಡಿದೀನಿ, ಸ್ಟೆಪ್ನಿ ಸರಿ ಇದೆ, ಘಟ್ಟದಲ್ಲಿ ನಿಧಾನ" ಅಂತ ನೀವು ನನ್ನ ಮುಖ ನೋಡದೆ ಹೇಳಿದ್ದು. ಎಷ್ಟು ಒಳ್ಳೆಯ ಮನೆ, ಹೆಂಗಸೊಬ್ಬಳು ಜೈಸಲ್ಮೇರಿಗೆ ಒಬ್ಬಳೇ ಹೊರಟರೂ ಯಾರೂ ತಡೆಯಲಿಲ್ಲ ಎಂದು ನಾನು ಕೊಟ್ಟಿಗೆಹಾರದವರೆಗೂ ಹೆಮ್ಮೆಯಲ್ಲೇ ಬಂದೆ.

ಆಗಸ್ಟ್ ಮಳೆಯಲ್ಲಿ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿದ್ದಾಗ ನೀವು ಒಂದೇ ಒಂದು ಪ್ರಶ್ನೆ ಕೇಳಿದಿರಿ, ಯಾಕೆ ಒಬ್ಬಳೇ ಎಂದು. "ಸ್ವಲ್ಪ ದಿನ ನನಗೆ ಯಾರೂ ಬೇಡ" ಎಂದೆ. ಆ ಮಾತಿಗೆ ತಟ್ಟೆಯೂ ಸೇರಿದರೆ ನೀವು ಬೇರೇನು ತಿಳಿಯಬೇಕಿತ್ತು? ಆದರೂ, ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಬಿಟ್ಟು ಹೋಗುತ್ತಿದ್ದಾಳೆ ಎಂದುಕೊಂಡು, ಒಂದು ಮಾತೂ ಆಡದೆ ಅವಳ ಟೈರಿಗೆ ಗಾಳಿ ತುಂಬಿಸುವುದು ಎಂಥ ಪ್ರೀತಿ? ಅದು ಪ್ರೀತಿಯೋ ಅಥವಾ ಸಾಕಾಗಿತ್ತೋ? ಸಿಟ್ಟು ಬರುತ್ತಿದೆ. ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿದೆಯೇ ಎಂಬುದು ಮಾತ್ರ ಗೊತ್ತಾಗುತ್ತಿಲ್ಲ. ಯಾಕೆಂದರೆ ಟ್ರಂಕು ತೆರೆದು, ನನ್ನದೆಲ್ಲ ನನ್ನೆದುರಿಗೇ ಇರುವುದನ್ನು ನೋಡಿದಾಗ, ಒಂದು ಕ್ಷಣ ನನಗೆ ಹಗುರವೆನಿಸಿತು. ಈ ದಾರಿ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಯಾರೂ ಹೇಳದೆ, ಯಾರೂ ಕೇಳದೆ ಇದ್ದದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು?

ಫೋನಿನಲ್ಲಾದರೆ ನೀವು "ಆಯ್ತು ಬಿಡು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದವನ್ನು ಟ್ರಂಕಿನೊಳಗಿಟ್ಟು ಕಳಸದ ಬಸ್ಸಿಗೆ ಹಾಕುತ್ತಿದ್ದೇನೆ. ಕಂಡಕ್ಟರಿಗೆ ನಿಮ್ಮ ನಂಬರ್ ಕೊಟ್ಟಿರುತ್ತೇನೆ. ಸ್ಟ್ಯಾಂಡಿಗೆ ನೀವೇ ಬನ್ನಿ, ಬೇರೆಯವರನ್ನು ಕಳಿಸಬೇಡಿ.

ನಾನು ಮುಂದಕ್ಕೆ ಹೊರಟೆ. ಅರ್ಧ ದಾರಿಯಿಂದ ವಾಪಸ್ ಬಂದರೆ ಹೆದರಿ ಬಂದಳು ಎಂದು ನನಗೇ ಅನ್ನಿಸುತ್ತದೆ. ಕೀ ಕುಸುಮಾಳ ಹತ್ತಿರವೇ ಇರಲಿ, ಕೊಟ್ಟದ್ದು ಕೊಟ್ಟಾಯಿತು. ಅವಳಿಗೆ ಅಳಬೇಡ ಅನ್ನಿ. ಅತ್ತೆಯವರಿಗೆ ನನ್ನ ನಮಸ್ಕಾರ.

ನಿಮ್ಮ
ದಿವ್ಯಾ

ತಾ.ಕ.: ಬಸ್ಸು ಬಂತು. ಕಾಫಿಪುಡಿ ಕಡಿಮೆ ಇದೆಯಲ್ಲ ಎಂದುಕೊಳ್ಳಬೇಡಿ. ಒಂದು ಡಬ್ಬಿ ತೆಗೆದುಕೊಂಡಿದ್ದೇನೆ, ಸರಿಯಾಗಿ ಇಪ್ಪತ್ತು ದಿನಕ್ಕಾಗುವಷ್ಟು.