ಮೂಡಣ ಬಾಗಿಲಿಗೂ ಒಂದು ತಗಡು

ಕಡಲೇರಿದ ಮೇಲಿನ ಇನ್ನೂರ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು, ಇಳಿತದ ಬೆಳಿಗ್ಗೆ.

ಕುಂದಾಪುರದ ಬಡಗಿನ ಕಡಲಂಚಿನಲ್ಲಿ ಮನೆ ಕಟ್ಟಲು ಹೊರಟಿರುವ, ಹೆಸರು ತಿಳಿಯದ ಹಿರಿಯರಿಗೆ ಅಕ್ಕಣಿಯ ವಂದನೆಗಳು. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಮರಳಲ್ಲಿ ಸಿಕ್ಕ ಅಂಗಡಿ ಬೋರ್ಡುಗಳಿಂದಲೂ ಸಮಾಧಿಕಲ್ಲುಗಳಿಂದಲೂ ಕಲಿತವಳು ನಾನು, ಅಲ್ಲಲ್ಲಿ ಎಡವುತ್ತೇನೆ. ಈ ಕಾಗದವನ್ನು ಸೀಸೆಯಲ್ಲಿಟ್ಟು ನಿಮ್ಮದೇ ಬಾವಿಗೆ ಬಿಡುತ್ತೇನೆ. ಬಾವಿಗೆ ಕಾಲದ ಹಂಗಿಲ್ಲ, ಅದನ್ನು ತೋಡುವವರ ಕೈಗೇ ಸೀಸೆ ಸಿಗುತ್ತದೆ ಎಂದು ನಮ್ಮವರು ನಂಬುತ್ತಾರೆ. ನಂಬದೆ ನನಗೆ ಬೇರೆ ದಾರಿಯಿಲ್ಲ.

ನಾವು ಕೇಳುಗರು. ಕಡಲು ಹಿಂದೆ ಸರಿದಾಗ ಮುಳುಗಿದ ಊರುಗಳ ಮೇಲೆ ಕೇಳುಗೋಲು ಹಿಡಿದು ನಡೆಯುತ್ತೇವೆ. ಅದರ ತುದಿಯಲ್ಲಿ ತಟ್ಟೆಯಷ್ಟಗಲದ ತಂತಿಯ ಸುರುಳಿ. ಮರಳಿನಡಿ ಲೋಹವಿದ್ದರೆ ಕಿವಿಗೆ ದನಿ ಬರುತ್ತದೆ. ನಿಮ್ಮ ಕಾಲದವರು ರಜೆಯಲ್ಲಿ ಬೀಚಿಗೆ ಹೋಗಿ ಇಂಥದ್ದೇ ಕೋಲಿನಿಂದ ಕಳೆದ ಉಂಗುರ ಹುಡುಕುತ್ತಿದ್ದರಂತೆ. ನಮಗದು ಹೊಟ್ಟೆಪಾಡು. ಬೀಗ, ನಲ್ಲಿ, ಇಡ್ಲಿ ಪಾತ್ರೆ, ಏನು ಸಿಕ್ಕರೂ ತೆಗೆದು ಕರಗಿಸುತ್ತೇವೆ. ಆದರೆ ಬಾಗಿಲ ಚೌಕಟ್ಟು ನಿಲ್ಲಿಸುವಾಗ ನೀವು ಹೊಸ್ತಿಲಡಿ ಇಡುವ ಪಂಚಲೋಹದ ತಗಡನ್ನು ಮಾತ್ರ ಮುಟ್ಟುವುದಿಲ್ಲ. ಅದರ ದನಿ ಕಿವಿಗಲ್ಲ, ಎದೆಗೆ ಕೇಳಿಸುತ್ತದೆ. ಗೋಡೆ ಅಳಿದರೂ ತಗಡು ಇರುವ ತನಕ ಮನೆಗೆ ಬಾಗಿಲಿದೆ ಎಂದು ಲೆಕ್ಕ. ಅಲ್ಲೇ ಒಳಗೆ ಹೋಗಿ ಅಲ್ಲೇ ಹೊರಗೆ ಬರುತ್ತೇವೆ. ತಗಡು ಕಿತ್ತರೆ ಬಾಗಿಲು ಮುಚ್ಚಿ, ಒಳಗಿದ್ದವರು ಆ ಮನೆಯಲ್ಲೇ ಉಳಿದುಬಿಡುತ್ತಾರಂತೆ. ನಮ್ಮೆಲ್ಲರ ಸೊಂಟದಲ್ಲೂ ಬೆಳ್ಳಿಯ ಉಡಿದಾರವಿರುತ್ತದೆ. ಮರಳು ನುಂಗಿದರೆ ಉಳಿದವರ ಕೋಲಿಗಾದರೂ ಕೇಳಿಸಲಿ ಎಂದು.

ನನ್ನ ಗಂಡ ಶೇಷು ಕಿವಿಯ ವಿಷಯದಲ್ಲಿ ಸ್ವಲ್ಪ ಜಂಬದವನು. ನಿಮ್ಮ ಮನೆಯ ತಾವಿಗೆ ಹೋದ ದಿನ ಮೂಡಣ ದಿಕ್ಕಿನಲ್ಲಿ ದನಿ ಬರಲಿಲ್ಲ. ಬಾಗಿಲು ಇಲ್ಲೇ, ತಗಡು ಸವೆದಿರಬೇಕು ಅಂದುಕೊಂಡು ಆ ಕಡೆಯಿಂದಲೇ ಒಳಗೆ ಹೋದೆವು. ಪಡುವಣ ಅಂಚಿನಲ್ಲಿ ದನಿ ಬಂತು. ನನಗದು ಎದೆಗೆ ಕೇಳಿಸಿತು. ಕಡಲಿಗೆ ಮುಖ ಮಾಡಿ ಬಾಗಿಲು ಇಡುವ ಮಳ್ಳರು ಯಾರೂ ಇಲ್ಲ, ಇದು ದೇವರ ಕೋಣೆಯ ಗಂಟೆ ಎಂದ ಅವನು. ಬೇಡ ಎಂದೆ. "ಎಂತದೂ ಆತ್ತಿಲ್ಲೆ ಮಾರಾಯ್ತಿ, ಸುಮ್ನಿರು" ಎಂದು ನಕ್ಕು ಅಗೆದ. ಆ ಕಾಲದಲ್ಲಿ ಕಡಲು ನೋಡಲೆಂದೇ ಜನ ಮನೆ ಕಟ್ಟುತ್ತಿದ್ದರೆಂಬುದು ಕಡಲಿಗೆ ಹೆದರಿ ಬೆಳೆದ ನಮಗೆ ಹೊಳೆಯಲೇ ಇಲ್ಲ. ಅವನು ಕೈಗೆ ಕೊಟ್ಟದ್ದನ್ನು ತೊಳೆಯಲು ನಾನು ಆ ಅಂಚು ದಾಟಿ ನೀರಿನತ್ತ ಹೋದೆ. ಕೆಸರು ಬಿಟ್ಟಾಗ ಅದು ತಗಡು. ತಿರುಗಿ ನೋಡಿದರೆ ಶೇಷುವಿನ ಕೋಲು ಮರಳಲ್ಲಿ ನೆಟ್ಟಗೆ ನಿಂತಿತ್ತು, ಅವನಿರಲಿಲ್ಲ. ಮರಳು ಕುಸಿದ ಗುರುತೂ ಇರಲಿಲ್ಲ.

ನನ್ನ ಕೋಲಿಗೆ ಅವನ ಉಡಿದಾರ ಕೇಳಿಸಿತು. ಅದು ನಡೆಯುತ್ತಿತ್ತು. ನಿಮ್ಮ ಜಗಲಿಯಿಂದ ಅಡುಗೆಮನೆಗೆ, ಅಲ್ಲಿಂದ ಕೋಣೆಗೆ, ಮತ್ತೆ ಜಗಲಿಗೆ, ಗೋಡೆ ಇದ್ದಲ್ಲೆಲ್ಲ ನಿಂತು ತಿರುಗುತ್ತಿತ್ತು. ಉಳಿದ ಕೇಳುಗರನ್ನು ಕರೆದು ಎಲ್ಲರೂ ಅಗೆದೆವು, ಬರೀ ಮರಳು, ದನಿ ಇನ್ನೂ ಕೆಳಗೆ. ತಗಡನ್ನು ಇದ್ದಲ್ಲೇ ಇಟ್ಟೆ. ಅದು ತುಟಿಪಿಟಿಕ್ಕೆನ್ನುವುದಿಲ್ಲ. ಮನೆ ಕಟ್ಟಿದವರ ಕೈಯಿಂದಲೇ ಇಡಬೇಕು, ನಮ್ಮ ಕೈಗೆ ಬಾಗಿಲು ತೆರೆಯುವುದಿಲ್ಲ ಎನ್ನುತ್ತಾರೆ ಹಿರಿಯರು. ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಮನೆಯ ಮೂಡಣ ಬಾಗಿಲಿನಡಿಯೂ ಒಂದು ತಗಡು ಇಡಿ. ನೀವು ಇಟ್ಟ ಗಳಿಗೆಯಲ್ಲೇ ಅದು ನನಗೆ ಇನ್ನೂರು ವರ್ಷ ಹಳೆಯದಾಗಿರುತ್ತದೆ. ಅವನು ಹೊರಗೆ ಬರಬಹುದು.

ಇನ್ನೊಂದು ಮಾತಿದೆ. ಬರೆಯದೇ ಬಿಡೋಣ ಎಂದೂ ಅನ್ನಿಸಿತ್ತು. ಉಡಿದಾರದ ಹಿಂದೆಯೇ ಇನ್ನೊಂದು ಬೆಳ್ಳಿ ನಡೆಯುತ್ತದೆ, ತೆಳ್ಳಗೆ, ಪುಟ್ಟ ಹೆಜ್ಜೆ. ಕಾಲ್ಗೆಜ್ಜೆ. ನಮ್ಮ ಮಕ್ಕಳಿಗೆ ನಾವು ಗೆಜ್ಜೆ ಹಾಕುವುದಿಲ್ಲ, ಕೋಲು ಗೊಂದಲಗೊಳ್ಳುತ್ತದೆ. ಅದು ನಿಮ್ಮ ಮನೆಯದು. ಶೇಷು ನಿಂತರೆ ಅದೂ ನಿಲ್ಲುತ್ತದೆ. ಕಡಲೇರಿದ ದಿನದಿಂದ ಅವನು ಬರುವ ತನಕ ಅಷ್ಟು ವರ್ಷ ಅದು ಒಂಟಿಯಾಗಿಯೇ ಇತ್ತೋ ಏನೋ, ನೆನೆದರೆ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲಿ ಗೆಜ್ಜೆ ಹಾಕಿದ ಮಗು ಇರುವ ತನಕ ಆ ದಡದಲ್ಲಿ ಮಲಗಬೇಡಿ. ತಗಡು ಮರೆತರೂ ಪರವಾಗಿಲ್ಲ, ಮಗುವನ್ನು ಎತ್ತಿಕೊಂಡು ಮೇಲೆ ಹೋಗಿ.

ಹಾಗೆ ಮಾಡಿದರೆ ಒಂದು ಬೆಳಿಗ್ಗೆ ಗೆಜ್ಜೆ ನನಗೆ ಕೇಳಿಸುವುದಿಲ್ಲ. ಶೇಷು ಕೆಳಗೆ ಒಬ್ಬನೇ ಆಗುತ್ತಾನೆ. ಆಗಲಿ. ಪ್ರತಿ ಇಳಿತಕ್ಕೂ ನಾನು ಮೇಲೆ ಅವನ ಜೊತೆಯೇ ನಡೆಯುತ್ತೇನೆ, ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕೋಣೆಗೆ.