ಹೂ ಸುತ್ತಿದ ಬೆರಳು

ಟೇಕಲ್
23-11-2025, ಭಾನುವಾರ

ರಮ್ಯಾ,

ರಾತ್ರಿ ಎರಡು ಗಂಟೆಗೆ ದೇವರ ಕೋಣೆಯಲ್ಲಿ ಕಬ್ಬಿಣ ನೆಲಕ್ಕೆ ಬಿದ್ದ ಸದ್ದಾಯಿತು. ಪಾಪುವಿಗೆ ಹಾಲು ಕೊಟ್ಟು ಆಗಷ್ಟೇ ಕಣ್ಣು ಮುಚ್ಚಿದ್ದೆ. ಏನದು ಎಂದು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಮಿಕ್ಕದ್ದಕ್ಕೆ ಕೈ ಓಡುವುದಿಲ್ಲ. ನಿಮ್ಮಣ್ಣನಿಗೆ ವೇಮಗಲ್‌ನಲ್ಲಿ ನೈಟ್ ಶಿಫ್ಟ್. ಮಂಗಳವಾರದಿಂದ ನಿನ್ನ ಫೋನ್ ರಿಂಗಾಗುತ್ತಲೇ ಇದೆ, ನೀನು ಎತ್ತುವುದಿಲ್ಲ. ಅದಕ್ಕೇ ಕಾಗದದಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಹೇಗಿದ್ದೀಯ ಎಂದು ಮೊದಲೇ ಕೇಳಬೇಕಿತ್ತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ನೀನಾಗಿಯೇ ತಿರುಗಿ ಫೋನ್ ಮಾಡುತ್ತೀಯ ಎಂದು ಕಾದೆ.

ಬೆಳಗ್ಗೆ ಎಂಟಕ್ಕೆ ಪಾಪುವಿನ ಕಿವಿ ಚುಚ್ಚುವುದು. ಚಪ್ಪರ ಹಾಕಿಯಾಗಿದೆ. ನಿಮ್ಮಮ್ಮ ಕನಕಾಂಬರ ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಸೋದರತ್ತೆಯಾಗಿ ನೀನೇ ನನ್ನ ಬಲಗೈಯ ಕೊನೆಯ ಎರಡು ಬೆರಳಿಗೆ ಹೂ ಸುತ್ತಬೇಕು. ಆ ಹೂವನ್ನು ಉಳಿಯಿಂದ ಕತ್ತರಿಸಿ ದೇವರ ಮುಂದಿಡಬೇಕು. ದೊಡ್ಡವಳು ಧನಶ್ರೀಯ ಕಿವಿ ಚುಚ್ಚಿದಾಗಲೂ ಸುತ್ತಿದವಳು ನೀನೇ. ಆಗ ನಾನು ಈ ಮನೆಗೆ ಹೊಸಬಳು, ಇದೇಕೆ ಎಂದು ಕೇಳಿದ್ದೆ. ಒಂದು ಕಾಲದಲ್ಲಿ ನಮ್ಮ ಹೆಂಗಸರು ಹೂವಲ್ಲ, ಬೆರಳನ್ನೇ ಕೊಡುತ್ತಿದ್ದರು ಎಂದು ನನಗೆ ಹೇಳಿದವಳೂ ನೀನೇ.

ನೀನು ಪಾಠ ಮಾಡುವಾಗ ಧನಶ್ರೀಯ ಐದನೇ ಕ್ಲಾಸಿನ ಮಕ್ಕಳಿಗೆ, ಇತಿಹಾಸ ಪುಸ್ತಕದಲ್ಲಷ್ಟೇ ಇರುವುದಿಲ್ಲ, ಮನೆಯ ಹಿರಿಯರನ್ನು ಕೇಳಿ ಬನ್ನಿ ಎಂದೆಯಂತೆ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ? ನಾನು ಕೋಲಾರದಲ್ಲಿ ಬಿ.ಎ.ಗೆ ಓದಿದ ಇತಿಹಾಸವೆಲ್ಲ ಬರೀ ಇಸವಿ, ಬರೀ ಯುದ್ಧ. ಧನಶ್ರೀ ಹೋದ ಭಾನುವಾರ ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತಾ ಕೂತು ಕೇಳಿದಳು. ನಿಮ್ಮಮ್ಮ ಅವರ ಅಜ್ಜಿಯ ತಾಯಿಯ ಕಥೆ ಹೇಳಿದರು. ಮಗಳ ಕಿವಿ ಚುಚ್ಚಿಸುವ ಮುಂಚೆ ಎರಡು ಬೆರಳು ಕೊಟ್ಟವರು. "ನಮ್ಮಜ್ಜೀನ ಸಾಕಿದ್ದು ಆ ಮೂರು ಬೆರಳಿನ ಕೈಯೇ ಕಣಮ್ಮಾ. ಮುದ್ದೆ ಕಟ್ಟಿದ್ದೂ ಅದೇ ಕೈ." ಅವತ್ತು ಊಟಕ್ಕೆ ಕೂತಾಗ ನಮ್ಮ ಹುಡುಗಿ ಎರಡು ಬೆರಳು ಮಡಚಿಕೊಂಡು ಮುದ್ದೆ ಮುರಿಯಲು ನೋಡಿ ಸಾರೆಲ್ಲ ಚೆಲ್ಲಿದಳು.

ಮಂಗಳವಾರ ಅದನ್ನೇ ಕ್ಲಾಸಿನಲ್ಲಿ ಹೇಳಿದಳು. ಮಕ್ಕಳು ಛೀ ಎಂದವು. ಹಿಂದೆ ಹೆಡ್‌ಮಾಸ್ಟರು ನಿಂತಿದ್ದರಂತೆ. ನೀನು ಏನೆಂದೆ ಎಂದು ಅವಳು ಒಂದಕ್ಷರ ಬಿಡದೆ ಒಪ್ಪಿಸಿದಳು: "ನಮ್ಮ ಕಡೆ ಅಂಥದ್ದೆಲ್ಲ ಇರ್ಲೇ ಇಲ್ಲ. ಇತಿಹಾಸ ಅಂದ್ರೆ ಕಟ್ಟುಕಥೆ ಅಲ್ಲ. ಸುಳ್ಳು ಹೇಳಿದ್ದಕ್ಕೆ ಎಲ್ರಿಗೂ ಸಾರಿ ಕೇಳು."

ಕೇಳಿದಳು. ವ್ಯಾನಿನಲ್ಲಿ ಬರುವಾಗ ಹುಡುಗರು, "ಲೇ ಧನು, ನಿಮ್ಮಮ್ಮನ ಬೆರಳು ಎಣಿಸ್ಕೊಂಡು ಬಂದ್ಯೇನೇ?" ಎಂದು ಟೇಕಲ್‌ವರೆಗೂ ಗೋಳು ಹೊಯ್ದುಕೊಂಡರಂತೆ.

ನಿಮ್ಮಮ್ಮ ಕೇಳಿಸಿಕೊಂಡು, "ನಾನು ಅಬದ್ಧ ಹೇಳ್ದೆ ಅಂದ್ಳಾ ನನ್ ಮಗ್ಳು?" ಎಂದರು. ಅಷ್ಟೇ. ಆಮೇಲೆ ನಾನು ನಿನ್ನನ್ನು ಬೈಯಲು ಹೋದರೆ ನನ್ನನ್ನೇ ಗದರಿದರು. ದೊಡ್ಡವರು ಎದುರಿಗಿದ್ದಾಗ ಹೆದರಿರುತ್ತಾಳೆ, ಬಿಟ್ಟುಬಿಡು ಎಂದರು. ಆದರೆ ಅವತ್ತಿನಿಂದ ಮೊಮ್ಮಗಳಿಗೆ ಒಂದು ಕಥೆಯನ್ನೂ ಹೇಳಿಲ್ಲ. ಅವಳು ಬಂದು ಕೂತರೆ, ಹೋಗಿ ಪುಸ್ತಕ ಓದ್ಕೋ ಅನ್ನುತ್ತಾರೆ.

ನಿನ್ನ ಹೆದರಿಕೆ ನನಗೆ ಅರ್ಥವಾಗದೆ ಇಲ್ಲ. ಸ್ಟಾಫ್ ರೂಮಿನಲ್ಲಿ ಮರುದಿನದಿಂದ ನಿನ್ನ ಬೆರಳನ್ನೂ ನೋಡುತ್ತಿದ್ದರು. ಆದರೆ ಅದು ತಪ್ಪು ಅನ್ನಬಹುದಿತ್ತು, ಕ್ರೂರ ಅನ್ನಬಹುದಿತ್ತು, ನಿಂತುಹೋಯಿತು, ಒಳ್ಳೆಯದಾಯಿತು ಅನ್ನಬಹುದಿತ್ತು. ಇರಲೇ ಇಲ್ಲ ಅಂದೆ. ಹತ್ತು ವರ್ಷದ ಮಗುವಿನ ಬಾಯಿಂದಲೇ ತಾನು ಸುಳ್ಳಿ ಎಂದು ಹೇಳಿಸಿದೆ. ಬೆಳಗಾದರೆ ರೇಷ್ಮೆ ಸೀರೆ ಉಟ್ಟು ಬಂದು, ಇರಲೇ ಇಲ್ಲದ ಪದ್ಧತಿಯಂತೆ ನನ್ನ ಬೆರಳಿಗೆ ಹೂ ಸುತ್ತುತ್ತೀಯ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾಳೆ. ಯಾವ ಪಾಠ ಅದು, ನೀನೇ ಹೇಳು.

ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ. ತುಂಬು ಮನಸ್ಸಿನಿಂದ ಹರಸಲು ಈ ಹೊತ್ತಿನಲ್ಲಿ ಆಗುತ್ತಿಲ್ಲ, ಬಂದಷ್ಟು ತಗೋ.

ನಿನ್ನ ಅತ್ತಿಗೆ,
ಚಂದನ

ಮರೆತದ್ದಲ್ಲ, ಬರೆಯಲಾಗದೆ ಉಳಿಸಿದ್ದು: ಬಿದ್ದದ್ದು ಆ ಉಳಿ. ದೀಪ ಹಾಕಿದರೆ ಧನಶ್ರೀ ದೇವರ ಮುಂದೆ ಕೂತಿದ್ದಳು, ಬಲಗೈಯನ್ನು ಮಣೆಯ ಮೇಲೆ ಚಾಚಿಕೊಂಡು. ಹೂವನ್ನು ಮುಟ್ಟಿರಲಿಲ್ಲ. ಕಿರುಬೆರಳಿನ ಚರ್ಮ ತರಚಿದೆ, ಅಷ್ಟೇ. ನೋವಾದ ಕೂಡಲೇ ಹೆದರಿ ಕೈಬಿಟ್ಟಿದ್ದಾಳೆ. ಬಟ್ಟೆ ಕಟ್ಟಿದ್ದೇನೆ. ಅಳಲಿಲ್ಲ. "ಅಮ್ಮಾ, ಬೆರಳು ನೋಡಿದ್ರೆ ಅತ್ತೆ ನಂಬ್ತಾರೆ ಅಲ್ವಾ?" ಎಂದಳು.

ಈಗ ನನ್ನ ಪಕ್ಕದಲ್ಲಿ ಮಲಗಿದ್ದಾಳೆ. ಆ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಾನು ಟೀಚರಲ್ಲ. ಹೂ ಹಿಡಿದು ನೀನು ಬಾಗಿಲಿಗೆ ಬರುವ ಮುಂಚೆ ನಿನ್ನ ದನಿ ಅವಳ ಕಿವಿಗೆ ಬೀಳಬೇಕು. ನನ್ನ ಹತ್ತಿರ ಮಾತಾಡಬೇಡ, ಇದನ್ನು ಕಳಿಸಿ ಫೋನನ್ನು ಅವಳ ದಿಂಬಿನ ಮೇಲೇ ಇಡುತ್ತೇನೆ. ನೀನು ಹೇಳಿದ್ದು ನಿಜ ಪುಟ್ಟಾ ಎಂದು ಒಂದು ಮಾತು ಹೇಳಿ ಇಟ್ಟುಬಿಡು. ಬೆಳಗಾಗುವುದರೊಳಗೆ ಫೋನ್ ಮಾಡು ರಮ್ಯಾ. ನಿನ್ನ ದಮ್ಮಯ್ಯ ಅನ್ನುತ್ತೇನೆ, ಮಾಡು.