ಅಪ್ಪ ಕಾಟು ಹೊಡೆದ ಎರಡು ಶಬ್ದ

ಡೊಂಬಿವಲಿ ಪೂರ್ವ
೯ ಮಾರ್ಚ್ ೨೦೨೫, ಭಾನುವಾರ

ನನ್ನ ಅಮ್ಮೂ,

ಆಶೀರ್ವಾದಗಳು. ಕೈಯಲ್ಲಿ ಫೋನ್ ಇರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಎಂತದ್ದು ಅಂತ ನಗಬೇಡ. ಫೋನ್ ಮಾಡಿದರೆ ನೀನು "ಹಾಂ ಅಮ್ಮ, ಮೀಟಿಂಗ್ ಮೇ ಹೂಂ, ಬಾದ್ ಮೇ" ಅಂತೀಯ. ನಿನ್ನ ಆ ಬಾದ್, ಆ 'ಆಮೇಲೆ', ಇವತ್ತಿನವರೆಗೆ ಬಂದದ್ದಿಲ್ಲ. ಅದೂ ಅಲ್ಲದೆ ನಾನು ಫೋನ್ ಹಿಡಿದ ಕೂಡಲೇ ನಿನ್ನ ಅಪ್ಪ ಪೇಪರ್ ಓದುವುದು ಬಿಟ್ಟು ಕಿವಿ ಕೊಟ್ಟು ಕೂರುತ್ತಾರೆ. ನಾಳೆ ಚಿಕ್ಕಪ್ಪ ಲಕ್ಷ್ಮೀಕಾಂತ ನಮ್ಮ ಹೋಟೆಲಿನ ಲೈಸೆನ್ಸ್ ಕೆಲಸಕ್ಕೆ ಬೇಲಾಪುರಕ್ಕೆ ಬರುತ್ತಾನೆ. ಚಟ್ನಿಪುಡಿಯ ಡಬ್ಬಿ ಜೊತೆ ಇದನ್ನೂ ನಿನ್ನ ಆಫೀಸಿಗೆ ತಲುಪಿಸುತ್ತಾನೆ. ಪೂರ್ತಿ ಓದು. ಅರ್ಧ ಓದಿ ಗಾಬರಿಯಾಗಿ ಫೋನ್ ಮಾಡಬೇಡ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಇರುವುದು ನಾವು ಎಂದುಕೊಂಡ ಹಾಗೆ ಕಣ್ಣಿನ ಪೊರೆ ಅಲ್ಲ, ಗ್ಲೌಕೋಮಾ. ಎಡಗಣ್ಣಿನ ಬದಿಯ ನೋಟ ಬಹಳಷ್ಟು ಹೋಗಿದೆ, ಬಲಗಣ್ಣಿನಲ್ಲೂ ಸ್ವಲ್ಪ ಹೋಗಿದೆ. ಹೋದದ್ದು ತಿರುಗಿ ಬರುವುದಿಲ್ಲವಂತೆ. ದಿನಾ ತಪ್ಪದೆ ಡ್ರಾಪ್ಸ್ ಹಾಕಿದರೆ ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಠಾಣೆ ಪಟ್ಟಣದ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಹೆದರಬೇಡ. ನಿನ್ನ ಪಾಲಿನದ್ದನ್ನೂ ನಾನೇ ಹೆದರಿ ಮುಗಿಸಿದ್ದೇನೆ.

ಇಷ್ಟು ದಿನ ಎಂತ ಮಾಡುತ್ತಿದ್ದಿರಿ ಅಂತ ಕೇಳುತ್ತೀಯ. ಕೇಳು, ನಿನ್ನ ಅಪ್ಪನ ಕನ್ನಡ ಪ್ರೇಮದ ಕಥೆ.

ಕಳೆದ ವರ್ಷ ನಾನು ಅಕ್ಕನ ಮನೆಗೆಂದು ಉಡುಪಿಗೆ ಹೋಗಿದ್ದೆನಲ್ಲ, ಆಗ ಇಲ್ಲಿ ಎಂಐಡಿಸಿ ಫ್ಯಾಕ್ಟರಿಗಳ ಕಡೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಉಚಿತ ಕಣ್ಣಿನ ಶಿಬಿರ ಆಗಿತ್ತು. ಅಪ್ಪ ಒಬ್ಬರೇ ಹೋಗಿ ಬಂದರು. ಅಲ್ಲಿದ್ದ ಹುಡುಗಿ ಡಾಕ್ಟರು, "ಕಾಕಾ, ಕಾಚಬಿಂದು ವಾಟತೋಯ್, ಮೋಠ್ಯಾ ಡಾಕ್ಟರಾಂನಾ ದಾಖವಾ" ಅಂದರಂತೆ. ಕಾಚಬಿಂದು ಇದ್ದಂತಿದೆ, ದೊಡ್ಡ ಡಾಕ್ಟರಿಗೆ ತೋರಿಸಿ ಅಂತ ಇಷ್ಟು ಸ್ಪಷ್ಟವಾಗಿ ಹೇಳಿದ್ದಾಳೆ, ಪಾಪ. ನಾನು ಊರಿನಿಂದ ಬಂದು ವಿಚಾರಿಸಿದಾಗ ಇವರು ಹೇಳಿದ್ದು, "ಎಂತದ್ದೂ ಇಲ್ಲ ಮಾರಾಯ್ತಿ, ಬಿಂದುವಂತೆ. ಕಾಚ ಅಂದರೆ ಗಾಜು. ಪೊರೆ ತೆಗೆದು ಒಳಗೆ ಗಾಜು ಕೂರಿಸುತ್ತಾರಲ್ಲ, ಅದೇ." ನನಗೂ ಸರಿ ಎನಿಸಿತು. ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಜನಕ್ಕೆ ಮೋತಿಬಿಂದು, ಅಂದರೆ ಪೊರೆಯ, ಆಪರೇಷನ್ ಆಗಿದೆ. ಎಲ್ಲರ ಬಾಯಲ್ಲೂ ಬಿಂದುವೇ. ಮೋತಿಯಾದರೇನು, ಗಾಜಾದರೇನು, ಎರಡೂ ಒಂದೇ ಮನೆಯವು ಎಂದುಕೊಂಡೆ.

ಮೇಲಿಂದ ಕಣ್ಣಿನ ಕಾಯಿಲೆಗಳ ಬಗ್ಗೆ ನೀನು ಬರೆದ ಲೇಖನ ಬೇರೆ. ನಿಮ್ಮ ಜಾಲತಾಣದ ಆ ಪುಟವನ್ನು ಇವರು ಹೋಟೆಲಿನ ಪ್ರಿಂಟರಿನಲ್ಲಿ ಮುದ್ರಿಸಿ ಗಲ್ಲಾದ ಕನ್ನಡಿಯ ಪಕ್ಕ ಅಂಟಿಸಿದ್ದಾರೆ, ಮಗಳು ಬರೆದದ್ದು ಅಂತ ಬಂದವರಿಗೆಲ್ಲ ತೋರಿಸಲಿಕ್ಕೆ. ಪೊರೆಗೆ ಸಾಮಾನ್ಯವಾಗಿ ಆತುರವಿಲ್ಲ, ದಿನದ ಕೆಲಸಕ್ಕೆ ತೊಂದರೆಯಾದಾಗ ಡಾಕ್ಟರರ ಜೊತೆ ಮಾತಾಡಿ ಆಪರೇಷನ್ ಮಾಡಿಸಬಹುದು ಎಂದು ನೀನೇ ಬರೆದಿದ್ದೀಯ. ನೀನು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಎಂದು ಠಾಣೆಯ ಡಾಕ್ಟರೂ ಹೇಳಿದರು. ಆದರೆ ಅದು ಪೊರೆಯ ಮಾತು. ನಿನ್ನ ಅಪ್ಪ ಅದನ್ನು ಕಾಚಬಿಂದುವಿಗೆ, ಅಂದರೆ ಗ್ಲೌಕೋಮಾಕ್ಕೆ, ಹಚ್ಚಿ ಆರಾಮವಾಗಿ ಕೂತರು. ಸೊಪ್ಪು ಕಣ್ಣಿಗೆ ಒಳ್ಳೆಯದು ಎಂದೂ ಬರೆದಿದ್ದೀಯಲ್ಲ, ನುಗ್ಗೆಸೊಪ್ಪಿನ ಪಲ್ಯ ಮಾಡಿ ಮಾಡಿ ನನ್ನ ಕೈ ಸೋತಿತು. ಅದರ ಕೆಳಗೇ "ಆಹಾರ ಔಷಧಿಯ ಬದಲಿ ಅಲ್ಲ" ಎಂಬ ಸಾಲು ಇದೆ. ಅದು ಮಾತ್ರ ಇವರಿಗೆ ಕಾಣಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ನಿನ್ನ ಮೊದಲ ಕರಡಿನಲ್ಲಿ ಪೊರೆಯ ಪಕ್ಕ "ಇಲ್ಲಿನವರು ಮೋತಿಬಿಂದು ಎನ್ನುವುದು ಇದನ್ನೇ" ಎಂದಿತ್ತು. ಗ್ಲೌಕೋಮಾದ ಪಕ್ಕ "ಕಾಚಬಿಂದು" ಎಂದಿತ್ತು. ಎರಡಕ್ಕೂ ಕೆಂಪು ಪೆನ್ನಿನಲ್ಲಿ ಕಾಟು ಹೊಡೆದವರು ನಿನ್ನ ಅಪ್ಪ, ಶ್ರೀಮಾನ್ ಪುಂಡರೀಕಾಕ್ಷರು, ಕನ್ನಡ ಸಂಘದ ಮಾಜಿ ಕಾರ್ಯದರ್ಶಿಗಳು. "ಅಪ್ಪ, ಇಲ್ಲಿನ ಜನ ಹೀಗೇ ಅಲ್ವಾ ಹೇಳೋದು" ಅಂತ ನೀನು ಮೆಲ್ಲಗೆ ಹೇಳಿದೆ. "ಕನ್ನಡದಲ್ಲಿ ಬರೆಯುವುದಾದರೆ ಕನ್ನಡ ಬರಿ, ಇಲ್ಲವಾದರೆ ಮರಾಠಿಯಲ್ಲೇ ಬರಿ" ಎಂದು ಗುಡುಗಿದರು. ಬೆಳಗಿನಿಂದ ರಾತ್ರಿವರೆಗೆ ಗಲ್ಲಾದಲ್ಲಿ ಕೂತು "ಸುಟ್ಟೇ ಪೈಸೆ ದ್ಯಾ" ಅಂತ ಮರಾಠಿಯಲ್ಲೇ ಚಿಲ್ಲರೆಗೆ ಬೊಬ್ಬೆ ಹೊಡೆಯುವ ಮನುಷ್ಯ! ಗ್ಲೌಕೋಮಾ ಅನ್ನೂ ತೆಗೆದು ನೇತ್ರಸಂಪೀಡನ ಎಂದು ಹಾಕು ಅಂದರು. ಅದೊಂದಕ್ಕೆ ನೀನು ಒಪ್ಪಲಿಲ್ಲ, ಪುಣ್ಯ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಿಮ್ಮಿಬ್ಬರದ್ದೂ. ಆದರೆ ಅಕ್ಷರ ಕಲಿಸಿದ ಅಪ್ಪ ಎಂದು ಅವತ್ತು ನೀನು ಸೋತೆ. ನಾನು ಒಳಗೆ ದೋಸೆ ಹೊಯ್ಯುತ್ತಾ ಅಪ್ಪ ಮಗಳು ರಾಜಿಯಾದರಲ್ಲ ಅಂತ ಖುಷಿಪಟ್ಟೆ.

ಆ ಎರಡು ಶಬ್ದ ಅಲ್ಲೇ ಇದ್ದಿದ್ದರೆ ಶಿಬಿರದಿಂದ ಬಂದು ಓದಿದ ದಿನವೇ ಇವರಿಗೆ ಗೊತ್ತಾಗುತ್ತಿತ್ತು. ಕಾಟು ಹೊಡೆಯುವಾಗ ಮರಾಠಿ ಎಂದಷ್ಟೇ ನೋಡಿದ್ದರು, ಯಾವುದರ ಪಕ್ಕ ಯಾವುದಿತ್ತೋ ನೆನಪಿರಲಿಲ್ಲ. ಡಾಕ್ಟರ ಬಾಯಲ್ಲಿ ಕೇಳಿದ ಹೆಸರು ಪುಟದಲ್ಲಿ ಇರಲಿಲ್ಲ. ಅಲ್ಲಿದ್ದ ಪೊರೆಯನ್ನೇ ತನ್ನದು ಎಂದುಕೊಂಡರು.

ನನಗೆ ಸಂಶಯ ಬಂದದ್ದು ಊಟದ ಎಲೆಯಲ್ಲಿ. ಫೆಬ್ರವರಿಯಲ್ಲಿ ಠಾಣೆಯ ಒಂದು ಹಾಲ್‌ನಲ್ಲಿ ನಮ್ಮ ನೆಂಟ ಮನೀಶನ ಮಗನ ಉಪನಯನ ಇತ್ತು. ನಾನು ಇವರ ಎದುರಿನ ಸಾಲಿನಲ್ಲೇ ಕೂತಿದ್ದೆ. ಬಡಿಸುವವನನ್ನು ಕರೆದು, "ಎಂತ ಮಾರಾಯ, ಉಪ್ಪಿಲ್ಲ, ಉಪ್ಪಿನಕಾಯಿಯೂ ಇಲ್ಲ" ಎಂದು ಗದರಿದರು. ಎರಡೂ ಎಲೆಯ ಎಡತುದಿಯಲ್ಲಿ, ಇರಬೇಕಾದ ಜಾಗದಲ್ಲಿ ಇದ್ದವು. ಅವನು ಬೆರಳಿಟ್ಟು ತೋರಿಸಿದ ಮೇಲೆ ಇವರು ತಲೆ ತಿರುಗಿಸಿ ನೋಡಿದರು. ಪಕ್ಕದವರು ನಕ್ಕರು. ಮನೆಯಲ್ಲಿ ಎಡಗೈ ಬದಿಯ ಲೋಟ ಮತ್ತೆ ಮತ್ತೆ ಉರುಳುವುದು, ಸ್ಟೇಷನ್ನಿನಲ್ಲಿ ಜನರಿಗೆ ಡಿಕ್ಕಿ ಹೊಡೆದು ಅವರನ್ನೇ ಬಯ್ಯುವುದು, ಎಲ್ಲ ಆಗ ನನಗೆ ಒಟ್ಟಿಗೆ ತಲೆಗೆ ಬಂತು.

ಮಾರನೆಯ ದಿನವೇ ಜಗಳ ಮಾಡಿ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದೆ. ಒಂದು ಮಿಷನ್ನಿನ ಒಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಇವರು ಸುಮ್ಮನೆ ಕೂತೇ ಇದ್ದರು, ಒಮ್ಮೊಮ್ಮೆ ಒತ್ತಿದರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಮಿಷನ್ ಹಾಳಾಗಿದೆ ವನಮಾಲಾ, ಚುಕ್ಕಿಯೇ ಬರುತ್ತಿಲ್ಲ, ಆ ಹುಡುಗನಿಗೆ ಹೇಳು" ಅಂದರು. ನನಗೆ ನಗು ಬರಲಿಲ್ಲ.

ಡಾಕ್ಟರು ಎಲ್ಲ ವಿವರಿಸಿದ ಮೇಲೂ ಡ್ರಾಪ್ಸ್ ಬೇಡ ಎಂದೇ ವಾದ. ನೋವಿಲ್ಲ, ಉರಿ ಇಲ್ಲ, ಮತ್ತೆ ಔಷಧಿ ಯಾಕೆ ಅಂತ. ಒಂದು ವಾರ ಬಾಟಲಿಯನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದರು. ಎರಡನೇ ಸಲ ಡಾಕ್ಟರರ ಹತ್ತಿರ ಹೋಗಿ ಬಂದವರು ತಾವಾಗಿಯೇ ಕುರ್ಚಿಯಲ್ಲಿ ತಲೆ ಹಿಂದೆ ಹಾಕಿ "ಹಾಕು" ಅಂದರು. ಆಮೇಲೆ ಒಂದು ಹೊತ್ತೂ ತಪ್ಪಿಸಿಲ್ಲ.

ನಿನಗೆ ಮಾತ್ರ ಹೇಳಬಾರದೆಂದು ಆಣೆ. ನಾನು ಸಿಟ್ಟಿನಿಂದ ಯಾಕೆ ಎಂದೆ. "ಅವಳು ಪ್ರತಿ ಸಾಲಿಗೂ ಆಧಾರ ಹುಡುಕಿ ಬರೆಯುತ್ತಾಳೆ. ಸ್ವಂತ ಅಪ್ಪನೇ ಓದಿ ಕಣ್ಣು ಕಳೆದುಕೊಂಡ ಅಂತ ಆಫೀಸಿನಲ್ಲಿ ಗೊತ್ತಾದರೆ ಅವಳ ಕೆಲಸ ಏನಾಗಬೇಕು" ಎಂದರು. ಹೀಗೆ ಹೇಳಿದವರನ್ನು ಹೇಗೆ ಬಯ್ಯುವುದು, ನೀನೇ ಹೇಳು.

ಆದರೆ ಅಮ್ಮೂ, ಮುಚ್ಚಿಟ್ಟರೆ ಆಗುವುದಿಲ್ಲ. ಡೊಂಬಿವಲಿ, ಕಲ್ಯಾಣ, ಮುಂಬ್ರಾ ಎಂದು ನಮ್ಮವರು ಎಷ್ಟು ಜನ ನಿನ್ನನ್ನು ಓದುತ್ತಾರೆ. ಅವರಿಗೆ ಕಾಯಿಲೆ ಬರುವುದು ಕನ್ನಡದಲ್ಲಾದರೂ ಡಾಕ್ಟರು ಹೆಸರು ಹೇಳುವುದು ಮರಾಠಿಯಲ್ಲಿ. ಆ ಎರಡು ಶಬ್ದ ತಿರುಗಿ ಹಾಕು. ಗುಟ್ಟಾಗಿ ಹಾಕಬೇಡ. ಮೊದಲು ಇರಲಿಲ್ಲ, ಅದರಿಂದ ಒಬ್ಬರು ತಪ್ಪು ತಿಳಿದರು, ಅದಕ್ಕೆ ಸೇರಿಸಿದ್ದೇವೆ ಎಂದು ಕೆಳಗೆ ಬರೆ. ನಂಬಿ ಓದುವವರಿಗೆ ಅಷ್ಟನ್ನಾದರೂ ಹೇಳಬೇಕು.

ಇದನ್ನು ನಿನ್ನೆ ಧೈರ್ಯ ಮಾಡಿ ಇವರಿಗೇ ಹೇಳಿದೆ. ಓದುತ್ತಿದ್ದ ಪೇಪರನ್ನು ಮಡಚಿಟ್ಟರು. ಆಮೇಲೆ, "ನನ್ನ ಹೆಸರು ಹಾಕಲಿ" ಎಂದರು. ಊರಿನ ಕಿಟ್ಟಣ್ಣ ಸೊಪ್ಪು ತಿಂದು ಕನ್ನಡಕ ಬಿಟ್ಟ ಕಥೆ ಬರಿ ಎಂದು ಇವರು ಹಿಂದೆ ಹೇಳಿದಾಗ, ಒಬ್ಬರ ಕಥೆ ಆಧಾರ ಅಲ್ಲ ಅಂತ ನೀನು ಕಡ್ಡಿ ಮುರಿದ ಹಾಗೆ ಹೇಳಿದ್ದೆಯಲ್ಲ, ಅದನ್ನು ನೆನಪಿಸಿದೆ. "ಗುಣವಾಯಿತು ಎನ್ನಲಿಕ್ಕೆ ಒಬ್ಬ ಸಾಲದು. ಓದಿ ತಪ್ಪು ತಿಳಿಯಬಹುದು ಎನ್ನಲಿಕ್ಕೆ ನಾನೊಬ್ಬ ಸಾಕು" ಅಂದರು. ನನ್ನ ಗಂಡನ ಬಾಯಲ್ಲಿ ಇಂಥ ಬುದ್ಧಿಯ ಮಾತು ಕೇಳಿ ವರ್ಷಗಳೇ ಆಗಿದ್ದವು. ಹೆಸರು ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಅವರ ಒಪ್ಪಿಗೆ ಇದೆ, ನನ್ನದೂ.

ಬೇಸಿಗೆ ಶುರುವಾಗಿದೆ. ಮಜ್ಜಿಗೆ ಕುಡಿ. ವಡಾಪಾವ್ ತಿಂದು ಊಟ ಆಯಿತು ಅಂತ ಸುಳ್ಳು ಹೇಳಬೇಡ.

ನಿನ್ನ ಪ್ರೀತಿಯ ಅಮ್ಮ,
ವನಮಾಲಾ

ತಾ.ಕ.: ಎರಡನೇ ಸಲ ಡಾಕ್ಟರು ಎಂತ ಹೇಳಿದರು ಎಂದು ಮೇಲೆ ಬರೆಯಲಿಲ್ಲ, ಕೈ ಬರಲಿಲ್ಲ. ಮಕ್ಕಳಿದ್ದಾರಾ ಎಂದು ಕೇಳಿದರು. ಇದು ಮನೆತನದಲ್ಲಿ ಬರಬಹುದು, ಮಗಳ ಕಣ್ಣನ್ನೂ ತಪ್ಪದೆ ತೋರಿಸಿ ಎಂದರು. ಅಪ್ಪ ಮನೆಗೆ ಬಂದು ಚಪ್ಪಲಿ ಸಹ ಬಿಚ್ಚದೆ ಕೂತು, "ಅಕ್ಷರ ಕೊಟ್ಟೆ, ಹಠ ಕೊಟ್ಟೆ, ಇದನ್ನೂ ಕೊಟ್ಟಿದ್ದೇನೋ ಎಂತದೋ" ಎಂದು ಅತ್ತುಬಿಟ್ಟರು. ಆಮೇಲೆಯೇ ಡ್ರಾಪ್ಸ್ ಹಾಕಿಸಿಕೊಂಡದ್ದು. ಅಪ್ಪನೇ ಹಾಕಿಕೊಳ್ಳದಿದ್ದರೆ ಮಗಳಿಗೆ ಯಾವ ಬಾಯಲ್ಲಿ ಹೇಳುವುದು ಅಂತ. ಮನೆಯಲ್ಲಿ ಯಾರಿಗಾದರೂ ಇದ್ದರೆ ಪರೀಕ್ಷೆ ಮಾಡಿಸಿ ಎಂದು ನಿನ್ನ ಲೇಖನದ ಕೊನೆಯಲ್ಲೇ ಇದೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅಂತ ಮಾಡಬೇಡ. ಬರುವ ಶನಿವಾರ ಬೆಳಿಗ್ಗೆ ಅದೇ ಡಾಕ್ಟರರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಅಪ್ಪ ಠಾಣೆ ಸ್ಟೇಷನ್ನಿನಲ್ಲಿ, ನಿನ್ನ ಗಾಡಿ ಬರುವ ಪ್ಲಾಟ್‌ಫಾರ್ಮಿನ ಸೇತುವೆಯ ಕೆಳಗೆ ನಿಂತಿರುತ್ತಾರೆ. ಎಡಬದಿಯಿಂದ ಬಂದು ಕರೆದರೆ ಗಲಿಬಿಲಿಯಾಗುತ್ತಾರೆ. ಎದುರಿನಿಂದಲೇ ಬಾ, ದೂರದಿಂದಲೇ ನೀನು ಕಾಣಲಿ.